ಮಾವನ ಕೂಡುವ ಗುರುತು

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ಮುಳಬಾಗಿಲಿನಲ್ಲಿ ಹೇಳುವವರಿದ್ದಾರೆ. ಶುದ್ಧ ಸುಳ್ಳು! ಅವರದು ನಿವೃತ್ತ ಗಣಿತದ ಮೇಷ್ಟ್ರ ತಲೆ. ಅದು ಬೇರೆಯವರ ತಲೆ ಕೆಡಿಸುತ್ತದೆಯೇ ಹೊರತು ತಾನು ಕೆಡುವುದಿಲ್ಲ. ಇಂಥವರನ್ನೇ ಮನೆಯ ಹಿರಿಯರೆಂದು ನಂಬಿ ನಾನು ಮಗಳ ಮದುವೆಗೆ ಹೊರಟಿದ್ದೆ. ಏಕೆಂದರೆ ಅಪ್ಪ ತೀರಿಹೋದಾಗಿನಿಂದ ಮಾವನ ಅಕ್ಕ, ಅಂದರೆ ನನ್ನ ಅಮ್ಮ, ಯಾವ ಮಂಟಪವನ್ನೂ ಹತ್ತಿ ಅಕ್ಷತೆ ಹಾಕಿರಲಿಲ್ಲ. ಕರೆದರೆ, "ಒಳಗಿಂದಾನೇ ಹಾರೈಸ್ತೀನಿ ಕಣೋ" ಎನ್ನುವಳು.

ನಿವೃತ್ತರಾದವರು ವಾಕಿಂಗ್ ಹಿಡಿಯುತ್ತಾರೆ, ಇಲ್ಲವೇ ಜಪಮಣಿ ಹಿಡಿಯುತ್ತಾರೆ. ಮಾವ ಒಂದು ಕಂಪ್ಯೂಟರ್ ಭಾಷೆ ಹಿಡಿದರು. ಅದರಲ್ಲಿ ಸಂಖ್ಯೆಗಳನ್ನು ಒಂದೊಂದಾಗಿ ಮಾತಾಡಿಸುವ ಪದ್ಧತಿಯೇ ಇಲ್ಲವಂತೆ. ಸಾಲಾಗಿ ಕೂರಿಸಿ ಒಟ್ಟಿಗೇ ವಿಚಾರಿಸಿಕೊಳ್ಳುವುದಂತೆ.

"ಲೇ, ಹತ್ತು ಅಂತ ಬರಿ. ಕೂಡುವ ಗುರುತು ಹಾಕು. ಮುಂದೆ ಒಂದು, ಎರಡು, ಮೂರು ಅಂತ ಸಾಲು ಬರಿ. ಏನ್ ಬರುತ್ತೆ?"

"ಹದಿನಾರು, ಮಾವ."

"ನಿನ್ನ ತಲೆ! ಹನ್ನೊಂದು, ಹನ್ನೆರಡು, ಹದಿಮೂರು! ಪಂಕ್ತೀಲಿ ಹುಳಿ ಬಡಿಸೋನು ಮೊದಲನೇ ಎಲೆಗೆ ಬಡಿಸಿ ಮನೆಗೆ ಹೋಗ್ತಾನೇನೋ?"

ಸಾಲಿಗೆ ಸಾಲನ್ನೇ ಕೂಡಿದರೆ? ಆಗ ಮೊದಲನೆಯದಕ್ಕೆ ಮೊದಲನೆಯದು, ಎರಡನೆಯದಕ್ಕೆ ಎರಡನೆಯದು, ಹೀಗೆ ಜೋಡಿ ಜೋಡಿ. ಒಂದು ಸಾಲು ಗಿಡ್ಡವಾಯಿತೋ, ಯಂತ್ರ ಮುಷ್ಕರ ಹೂಡುತ್ತದೆ! ಈ ನಿಯಮ ಕಂಪ್ಯೂಟರಿನೊಳಗೇ ಇದ್ದಿದ್ದರೆ ಲೋಕ ಕ್ಷೇಮವಾಗಿರುತ್ತಿತ್ತು. ಶ್ರೀನಿವಾಸಪುರದಿಂದ ಬಂದ ಬಾದಾಮಿ ಮಾವಿನಹಣ್ಣು ಮೂರು, ಜಗಲಿಯ ಮೇಲೆ ಕಾದು ಕೂತ ಮಕ್ಕಳು ನಾಲ್ವರು. ಮಾವ ತೀರ್ಪು ಓದುವ ನ್ಯಾಯಾಧೀಶರಂತೆ, "ಉದ್ದ ಹೊಂದಲಿಲ್ಲ" ಎಂದು ಘೋಷಿಸಿ ಹಣ್ಣಿನ ಸಮೇತ ಒಳಗೆ ಹೋದರು!

ಅಡುಗೆಮನೆಯಿಂದ ಅತ್ತೆ ಕೂಗಿದರು: "ಇದೇನ್ ಗೋಳ್ರೀ! ಚಾಕು ಅಂತ ಒಂದಿದೆ. ಮಿಷನ್ನಿಗೆ ಗೊತ್ತಿಲ್ದಿದ್ರೆ ಹೋಗ್ಲಿ, ನಿಮಗೂ ಗೊತ್ತಿಲ್ವಾ?"

ಮದುವೆ ಕುರುಡುಮಲೆಯಲ್ಲಿ. ಮುಹೂರ್ತಕ್ಕೆ ಪುರೋಹಿತರು, "ಹಿರಿಯ ದಂಪತಿಗಳು ಜೋಡಿ ಜೋಡಿಯಾಗಿ ಬನ್ನಿ" ಎಂದು ಕರೆದರು. ಅಮ್ಮ ಉಗ್ರಾಣದ ಬಾಗಿಲಿಗೆ ಒರಗಿ ನಿಂತಿದ್ದಳು. ಮಾವ ಅತ್ತೆಯನ್ನು ಸಾಲಿನಲ್ಲೇ ಬಿಟ್ಟು ನೇರ ಅಲ್ಲಿಗೆ ನಡೆದರು. ನಾನೂ ಹಿಂದೆ ಓಡಿದೆ.

"ಬಾರಕ್ಕ."

"ಬೇಡ ಕಣೋ. ಅವರೆಲ್ಲ ಜೋಡಿ. ನಾನು ಒಬ್ಬಳು."

ಈ ಮಹಾನುಭಾವ ಈಗ ಉದ್ದ ಹೊಂದಲಿಲ್ಲ ಎಂದುಬಿಟ್ಟರೆ?

"ಅಕ್ಕ, ಉದ್ದದ ತಕರಾರು ಇರೋದು ಸಾಲು ಸಾಲಿಗೆ. ಒಂದಕ್ಕೆ ಎಲ್ಲಿದೆ? ಒಂದು ಅನ್ನೋದು ಎಷ್ಟುದ್ದದ ಸಾಲಿಗೆ ಬೇಕಾದ್ರೂ ಸೇರುತ್ತೆ. ಸೇರಿದ್ರೆ ಸಾಲಿನಲ್ಲಿರೋ ಪ್ರತಿಯೊಬ್ಬರಿಗೂ ಸೇರುತ್ತೆ."

"ಏನ್ಲಾ ಹಾಗಂದ್ರೆ?"

"ಹುಳಿ ಬಡಿಸಿದ ಹಾಗೆ ಕಣಕ್ಕ."

ಅಮ್ಮ ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡು, ತಮ್ಮನ ಕೈ ಹಿಡಿದು ಮಂಟಪ ಹತ್ತಿದಳು. ಮೊದಲ ಅಕ್ಷತೆ ಮೊಮ್ಮಗಳ ತಲೆಗೆ ಬಿತ್ತು. ಉಳಿದದ್ದನ್ನು ಸಾಲಾಗಿ ನಿಂತಿದ್ದ ನಮ್ಮೆಲ್ಲರ ಮೇಲೂ ಎರಚಿದಳು. ಮಾವನ ಬೋಳುತಲೆಯ ಮೇಲೂ ಕೆಲವು ಕಾಳು ಅಂಟಿಕೊಂಡವು.

ಸಂಜೆ ಬಸ್ಸು ಹತ್ತುವವರೆಗೂ ಮಾವ ಅವನ್ನು ಒರೆಸಿಕೊಳ್ಳಲಿಲ್ಲ.