ನಾಲ್ಕನೆಯ ಮೂಲೆ

ಕೈಯಲ್ಲಿ ಜಪಮಾಲೆ ಹಿಡಿದವನ ಜೊತೆ ಸಂಸಾರ ಮಾಡಬಹುದು, ಇಸ್ಪೀಟಿನ ಎಲೆ ಹಿಡಿದವನ ಜೊತೆಯೂ ಹೇಗೋ ಮಾಡಬಹುದು, ಆದರೆ ಗುಣ್ಯಾ ಹಿಡಿದವನ ಜೊತೆ ಮಾತ್ರ ಸಾಧ್ಯವಿಲ್ಲ ಎಂದು ನನ್ನಾಕೆ ಹೇಳುತ್ತಾಳೆ. ಗುಣ್ಯಾ ಎಂದರೆ ಬಡಿಗರ ಮೂಲೆಮಟ್ಟ. ಮರದ ಹಿಡಿಗೆ ಕಬ್ಬಿಣದ ಪಟ್ಟಿ ಕೂಡಿಸಿದ ಸಣ್ಣ ಸಾಧನ. ಮೂಲೆ ನೆಟ್ಟಗಿದೆಯೋ ಸೊಟ್ಟಗಿದೆಯೋ ಎಂಬುದನ್ನು ಮುಖ ನೋಡದೆ ಹೇಳುತ್ತದೆ. ಎಪ್ಪತ್ತರ ದಶಕದಲ್ಲಿ ನಾನು ಬಸವನ ಬಾಗೇವಾಡಿಯ ಒಂದು ಶಾಲೆಯಲ್ಲಿ ಮರಗೆಲಸ ಕಲಿಸುವ ಮಾಸ್ತರನಾಗಿದ್ದೆ. ಶಾಲೆ ಬಿಟ್ಟ ಮೇಲೂ ಗುಣ್ಯಾ ನನ್ನನ್ನು ಬಿಡುತ್ತಿರಲಿಲ್ಲ. ಕಿಟಕಿ, ಗೋಡೆಯ ಪಟ, ಹಾಸಿದ ಚಾದರ, ಎಲ್ಲಕ್ಕೂ ಇಟ್ಟು ನೋಡುತ್ತಿದ್ದೆ. ಒಮ್ಮೆ ತಟ್ಟೆಯಲ್ಲಿ ಕೊಯ್ದಿಟ್ಟ ಬೇಸನ್ ವಡಿಗೂ ಇಟ್ಟೆ. ಅವತ್ತು ನನಗೆ ವಡಿ ಸಿಗಲಿಲ್ಲ.

ನನ್ನಾಕೆಗೆ ಹೆಣಿಗೆಯ ಹುಚ್ಚು. ನಮ್ಮ ಮಗಳು ಸರೋಜಾ ಚೊಚ್ಚಲ ಬಾಣಂತನಕ್ಕೆ ಬಂದಿದ್ದಾಗ ಕೂಸಿಗೊಂದು ಉಣ್ಣೆಯ ದುಪ್ಪಟಿ ಶುರುಮಾಡಿದಳು. ಬಿಡಿ ಚೌಕಗಳನ್ನು ಹೆಣೆದು, ಆಮೇಲೆ ಒಂದಕ್ಕೊಂದು ಹೊಲಿದು ಕೂಡಿಸುವ ದುಪ್ಪಟಿ ಅದು. ಅದರ ಹೆಣಿಗೆ ವಿಚಿತ್ರ. ಚೌಕದ ಎರಡು ಅಂಚಿಗೆ ಸಾಲುವಷ್ಟು ಕುಣಿಕೆಗಳನ್ನು ಒಮ್ಮೆಗೇ ಕಡ್ಡಿಗೇರಿಸುವುದು, ಆಮೇಲೆ ಸಾಲು ಬಿಟ್ಟು ಸಾಲಿಗೆ ನಟ್ಟನಡುವಿನ ಮೂರು ಕುಣಿಕೆಗಳನ್ನು ಒಂದು ಮಾಡುತ್ತ ಹೋಗುವುದು. ಉದ್ದನೆಯ ಪಟ್ಟಿ ತಾನಾಗಿಯೇ ನಡುವೆ ಬಾಗಿ, ಮೂಲೆ ಕಟ್ಟಿಕೊಂಡು ಚೌಕವಾಗುತ್ತದೆ. ನಡುವೆ ಮೂಲೆಯಿಂದ ಮೂಲೆಗೆ ಒಂದು ಗೆರೆ ಏಳುತ್ತದೆ. ನಾನು ಸುಮ್ಮನಿರಬೇಕಿತ್ತು. ಮೊದಲನೆಯ ಚೌಕಕ್ಕೇ ಗುಣ್ಯಾ ಇಟ್ಟು, "ಮೂಲಿ ಸ್ವಲ್ಪ ಬಿಟ್ಟೈತಿ" ಎಂದೆ.

"ಕೂಸು ನಿಮ್ಮ ಗುಣ್ಯಾ ನೋಡಿ ಮಲಗ್ತೈತೇನ್ರಿ?" ಎಂದಳು. "ಉಣ್ಣಿ ಜಗ್ಗಿದಂಗ ಬರ್ತೈತಿ. ನಿಮ್ಮ ಕಟಗಿ ಬರ್ತೈತೇನು?"

ಮಾತಿಗೆ ಮಾತು ಬೆಳೆದು, ತೊಟ್ಟಿಲನ್ನು ನಾನೇ ಮಾಡುತ್ತೇನೆ ಎಂದುಬಿಟ್ಟೆ. ನಮ್ಮಲ್ಲಿ ಕೂಸಿಗೆ ಐದು ತಿಂಗಳು ತುಂಬಿದಾಗ ಬಾಣಂತಿಯನ್ನು ತೊಟ್ಟಿಲು ಕೊಟ್ಟು ಗಂಡನ ಮನೆಗೆ ಕಳಿಸುವ ಪದ್ಧತಿ. ಸರೋಜಾಳ ಮುಖ ಸಣ್ಣದಾಯಿತು. ಕಾರಣವಿತ್ತು. ಅವಳ ಮದುವೆಯಲ್ಲಿ ನಾನು ಕೈಯಾರೆ ಮಾಡಿದ್ದ ಮಣೆಯ ಮೇಲೆ ಕುಳಿತ ಬೀಗಿತ್ತಿ ನೀಲವ್ವನವರು, ಆರತಿ ಮುಗಿಯುವವರೆಗೆ ಹಿಂದೆ ಮುಂದೆ ಓಲಾಡಿದ್ದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಇಂಡಿ ಊರಿನ ಆ ಗಂಡನ ಮನೆಯಲ್ಲಿ ಪಾತ್ರೆ ಉರುಳಿದರೂ, ಬಾಗಿಲು ಕಿರುಗುಟ್ಟಿದರೂ "ಇದೂ ನಿಮ್ಮಪ್ಪ ಮಾಡಿದ್ದೇನವಾ?" ಎಂದು ಹುಡುಗಿ ಕೇಳಿಸಿಕೊಳ್ಳುತ್ತಿದ್ದಳು.

"ಅಪ್ಪಾ, ನಿಮಗ ಕೈ ಮುಗೀತೇನಿ, ಅಂಗಡ್ಯಾಂದು ತರ್ರಿ," ಎಂದಳು. "ನೀವು ಮಾಡಿಟ್ಟು ಬರ್ತೀರಿ. ಅಲ್ಲಿ ಅನ್ನಿಸಿಕೊಳ್ಳಾಕಿ ನಾ."

ಆ ಮಾತು ನನಗೆ ನಾಟಿತು. ನಾಟಿದ್ದರಿಂದಲೇ ಹಟ ಹೆಚ್ಚಾಯಿತು. ಮುದ್ದೇಬಿಹಾಳದಿಂದ ಒಳ್ಳೆಯ ಸಾಗವಾನಿ ತಂದೆ. ಬಸ್ಸಿನಲ್ಲಿ ಒಯ್ಯಬೇಕಾದ್ದರಿಂದ ಬಿಡಿಬಿಡಿಯಾಗಿ ಮಾಡಿ, ಅಲ್ಲಿ ಬೆಣೆ ಬಡಿದು ಕೂಡಿಸುವ ಯೋಜನೆ. ಮೇಲಿನ ಚೌಕಟ್ಟಿನ ನಾಲ್ಕು ಪಟ್ಟಿಗಳ ತುದಿಗಳನ್ನು ಓರೆಯಾಗಿ ಕೊಯ್ದು, ಎರಡೆರಡನ್ನೇ ಜೋಡಿಸಿ, ಪ್ರತಿ ಮೂಲೆಗೂ ಗುಣ್ಯಾ ಇಟ್ಟು ನೋಡಿದೆ. ನಾಲ್ಕೂ ಮೂಲೆಗಳು ಚಿನ್ನದಂತಿದ್ದವು. ಇನ್ನೇನು ಎಲ್ಲವನ್ನೂ ಒಟ್ಟಿಗೆ ಕೂಡಿಸಬೇಕು, ನನ್ನಾಕೆ ಓಡಿಬಂದು ಕೊಡತಿ ಕಸಿದುಕೊಂಡಳು.

"ಖಾಲಿ ತೊಟ್ಟಲಾ ಮನ್ಯಾಗ ಕೂಡಸ್ತೀರೇನು? ಬುದ್ಧಿ ಐತಿಲ್ಲೋ?"

ಖಾಲಿ ತೊಟ್ಟಿಲು ತೂಗಬಾರದು ಎಂಬುದು ಎಲ್ಲರಿಗೂ ಗೊತ್ತು. ಆಕೆಯ ತವರಿನಲ್ಲಿ ಖಾಲಿ ತೊಟ್ಟಿಲು ಕೂಡಿಸಿಡಲೂಬಾರದು, ಕೂಸನ್ನು ಹಾಕುವ ಹೊತ್ತಿಗೇ ಕೂಡಿಸಬೇಕು. ಹಾಗಾದರೆ ಕೂಸನ್ನೇ ಹಾಕೋಣವೆಂದರೆ, ಹೊಸ ತೊಟ್ಟಿಲಿಗೆ ಕೂಸನ್ನು ಮೊದಲು ಹಾಕುವ ಹಕ್ಕು ಗಂಡನ ಮನೆಯ ಹಿರಿಯಳದು. ಒಂದು ಬಾಗಿಲನ್ನು ಶಾಸ್ತ್ರ ಮುಚ್ಚಿದರೆ ಇನ್ನೊಂದನ್ನು ಬೀಗಿತ್ತಿ ಮುಚ್ಚಿದ್ದರು. ಹೋಗಲಿ, ಮೂಲೆಗಳು ಬಿಡಿಬಿಡಿಯಾಗಿ ಸರಿಯಿದ್ದ ಮೇಲೆ ಕೂಡಿದಾಗ ಏನು ಕೆಟ್ಟೀತು ಎಂದು ಗಂಟು ಕಟ್ಟಿದೆ.

ಸರೋಜಾ, ಕೂಸು, ನನ್ನಾಕೆ, ಗಂಟು ಸಮೇತ ಸಿಂದಗಿಯಲ್ಲಿ ಬಸ್ಸು ಬದಲಿಸಿ ಇಂಡಿ ಮುಟ್ಟುವಾಗ ಬಿಸಿಲು ನೆತ್ತಿಗೆ ಬರುತ್ತಿತ್ತು. ಮುಹೂರ್ತ ಹತ್ತಿರವಿತ್ತು. ಹೆಂಗಸರೆಲ್ಲ ಹಿತ್ತಲಲ್ಲಿ ಕೂಸಿಗೆ ಎರೆಯುತ್ತಿದ್ದರು. ನಾನು ಪಡಸಾಲೆಯಲ್ಲಿ ಗಂಟು ಬಿಚ್ಚಿ ಕೂತೆ. ಮೊದಲ ಮೂಲೆ ಕೂಡಿತು, ಎರಡನೆಯದು ಕೂಡಿತು, ಮೂರನೆಯದು ಟಕ್ಕನೆ ಕೂಡಿತು. ನಾಲ್ಕನೆಯದು ಕೂಡಲಿಲ್ಲ. ಕಿರುಬೆರಳು ತೂರುವಷ್ಟು ಬಾಯಿ ತೆರೆದು ನಿಂತಿತು. ಒಂದೊಂದು ಮೂಲೆಯೂ ಗುಣ್ಯಾದ ಕಣ್ಣು ತಪ್ಪಿಸಿ ಬಚ್ಚಿಟ್ಟುಕೊಂಡಿದ್ದ ಕೂದಲೆಳೆಯಷ್ಟು ಸೊಟ್ಟ, ಎಲ್ಲ ಸೇರಿ ಅಲ್ಲಿ ಬಂದು ಕೂತಿತ್ತು. ಅದನ್ನು ಒತ್ತಿ ಕೂಡಿಸಿದರೆ ಮೊದಲನೆಯದು ಬಾಯಿ ಬಿಡುತ್ತಿತ್ತು. ಅದನ್ನು ಮುಚ್ಚಿದರೆ ಎರಡನೆಯದು. ನನ್ನ ಅಂಗಿ ಬೆನ್ನಿಗೆ ಅಂಟಿತು. ಹಿತ್ತಲಿನಿಂದ ನೀಲವ್ವನವರ ದನಿ ಕೇಳಿತು: "ಆತೇನ್ರಿ ಬೀಗರ? ಕೂಸಿಗೆ ನಿದ್ದಿ ಬಂದೈತಿ!"

"ಆತ್ರಿ, ಆತ್ರಿ," ಎಂದೆ. ಆಗಿರಲಿಲ್ಲ.

ಸರೋಜಾ ಒಳಗೆ ಬಂದವಳು ಮೂಲೆ ನೋಡಿದಳು. ಹೋಗಿ ಹಿತ್ತಲ ಬಾಗಿಲಿಗೆ ಅಡ್ಡ ನಿಂತಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಹಾಗೆ ನಿಂತದ್ದನ್ನು ತಡೆದುಕೊಳ್ಳಲಾಗಲಿಲ್ಲ.

ಅವಳ ಹಿಂದೆಯೇ ಬಂದ ನನ್ನಾಕೆ ಮಾತ್ರ ಗಡಿಬಿಡಿ ಮಾಡಲಿಲ್ಲ. "ಹುರಿ ಹಾಕಿ ಬಿಗಿಯಾಗಿ ಸುತ್ರಿ, ಕೂಸಿನ ಜೀಂವದ ಮಾತೈತಿ," ಎಂದು ನನಗೆ ಅಪ್ಪಣೆ ಕೊಟ್ಟು, ದುಪ್ಪಟಿ ತೆಗೆದು, ಅದರ ನಾಲ್ಕು ಮೂಲೆಯ ನಾಲ್ಕು ಚೌಕಗಳ ಹೊಲಿಗೆಯನ್ನು ಹಲ್ಲಿನಿಂದಲೇ ಕಡಿದಳು. ಪ್ರತಿ ಚೌಕದ ಎರಡು ಅಂಚುಗಳನ್ನು ಕೂಡಿಸಿ ನಾಲ್ಕು ಹೊಲಿಗೆ ಹಾಕಿದಳು, ಟೊಪ್ಪಿಗೆಯಾಯಿತು. ನಾನು ಜಗ್ಗಾಡಿದರೂ ಅಲುಗದಂತೆ ಹುರಿ ಬಿಗಿದು ಮುಗಿಸುವಷ್ಟರಲ್ಲಿ ನಾಲ್ಕೂ ಮೂಲೆಗಳಿಗೆ ಅವನ್ನು ತೊಡಿಸಿದ್ದಳು. ಉಣ್ಣೆಯ ಓರೆಗೆರೆ ಕಟ್ಟಿಗೆಯ ಮೂಲೆಯಂಚಿನ ಮೇಲೆ ಅಳೆದಿಟ್ಟಂತೆ ಕೂತಿತು. ಗುಣ್ಯಾ ಇಟ್ಟು ನೋಡುವ ಧೈರ್ಯ ನನಗೆ ಬರಲಿಲ್ಲ.

ನೀಲವ್ವನವರು ಕೂಸನ್ನೆತ್ತಿಕೊಂಡು ಬಂದರು. ಅವರ ಹಿಂದೆ ಓಣಿಯ ಹೆಂಗಸರು. ತೊಟ್ಟಿಲ ಸುತ್ತ ಒಂದು ಸುತ್ತು ಬಂದು, ನಾಲ್ಕನೆಯ ಮೂಲೆಯ ಹತ್ತಿರವೇ ನಿಂತು, ಟೊಪ್ಪಿಗೆಯ ಮೇಲೆ ಹೆಬ್ಬೆರಳಿಟ್ಟು ಒತ್ತಿದರು. ಬೆರಳು ಸ್ವಲ್ಪ ಒಳಗೆ ಹೋಯಿತು. ನನ್ನ ಮುಖ ನೋಡಿದರು. ಬಾಗಿಲಲ್ಲಿ ನಿಂತ ಸೊಸೆಯ ಮುಖವನ್ನೂ ನೋಡಿದರು.

"ನೋಡ್ರವಾ," ಎಂದರು ಹೆಂಗಸರ ಕಡೆ ತಿರುಗಿ, "ಮೂಲಿ ಕೂಸಿನ ತಲಿಗೆ ಬಡೀಬಾರದಂತ ನಮ್ಮ ಬೀಗರು ಕಟಗಿಗೂ ಕೂಸಿನಂಗ ಕುಂಚಿಗಿ ಹಾಕ್ಯಾರ. ಯಾರ ಮನ್ಯಾಗರ ನೋಡೀರೇನು ಇಂಥಾದ್ದು?"

ಯಾರೂ ನೋಡಿರಲಿಲ್ಲ. ಕೂಸನ್ನು ತೊಟ್ಟಿಲಿಗೆ ಹಾಕಿದರು. ಸರೋಜಾ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು. ಅಂಥ ಸಮಾಧಾನ ನನಗೆ ನೌಕರಿ ಸಿಕ್ಕ ದಿನವೂ ಆಗಿರಲಿಲ್ಲ.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮರುವರ್ಷ, ಇಂಡಿಯಲ್ಲೇ ಕೊಟ್ಟಿದ್ದ ನೀಲವ್ವನವರ ಮಗಳಿಗೆ ಕೂಸಾಯಿತು. ಅಳಿಯ ಬಂದು, "ಮಾವಾರ, ಅವ್ವ ಅಂಥಾದ ಇನ್ನೊಂದು ಬೇಕಂತಾಳ್ರಿ, ಟೊಪ್ಪಿಗಿ ಸಹಿತ," ಎಂದ. ಈ ಸಲ ನಾನು ಎಚ್ಚರವಾಗಿದ್ದೆ. ಪಟಕ್ಕೆ ಚೌಕಟ್ಟು ಮಾಡುತ್ತಿದ್ದೇನೆಂದು ನನ್ನಾಕೆಗೆ ಹೇಳಿ, ನಾಲ್ಕೂ ಪಟ್ಟಿಗಳನ್ನು ಒಟ್ಟಿಗೇ ನೆಲದ ಮೇಲೆ ಜೋಡಿಸಿ, ಹೆರೆದು, ಮತ್ತೆ ಜೋಡಿಸಿ, ಉಗುರು ಕೂಡ ತೂರದಂತೆ ಮಾಡಿದೆ. ನನ್ನ ಜೀವಮಾನದಲ್ಲಿ ನಾಲ್ಕೂ ಮೂಲೆ ಕೂಡಿದ ಮೊದಲ ಚೌಕಟ್ಟು ಅದು. ಇಂಡಿಗೆ ಒಯ್ದು ಆ ಹುಡುಗಿಯ ಗಂಡನ ಮನೆಯಲ್ಲಿ ಕೂಡಿಸಿದೆ. ನಾನು ಕೈ ಒರೆಸಿಕೊಳ್ಳುವುದರೊಳಗೆ ನನ್ನಾಕೆ ಟೊಪ್ಪಿಗೆಗಳನ್ನು ತೊಡಿಸಿಬಿಟ್ಟಿದ್ದಳು.

ಪಡಸಾಲೆಯ ತುಂಬ ಜನ. ನನಗೆ ತಡೆಯಲಾಗಲಿಲ್ಲ. "ಒಂದೀಟು ಇಲ್ಲಿ ನೋಡ್ರಿ," ಎಂದು ಒಂದು ಟೊಪ್ಪಿಗೆಯ ಅಂಚನ್ನು ಎತ್ತಲು ಹೋದೆ. ನೀಲವ್ವನವರು ತಟ್ಟನೆ ನನ್ನ ಕೈಯ ಮೇಲೆ ಕೈಯಿಟ್ಟು ಒತ್ತಿ ಹಿಡಿದರು. ಯಾರಿಗೂ ಕೇಳದಂತೆ, ಬಹಳ ಮರುಕದಿಂದ ಹೇಳಿದರು:

"ಮುಚ್ಚ್ರಿ ಬೀಗರ, ಮಂದಿ ನೋಡ್ಯಾರು. ಒಳಗ ಏನೈತಿ ಅಂತ ನನಗ ಗೊತ್ತೈತಿ."