ಕಂಬಳಿ ಹೊದ್ದ ಜ್ಞಾನಿ

ನೈಲ್ ನದಿ ಉಕ್ಕಿ ಮರಿಯೂತ್ ಸರೋವರದ ಜೊಂಡೆಲ್ಲ ಮುಳುಗುವ ಕಾಲ. ದಂಡೆಯ ಊರಲ್ಲಿ ದ್ರಾಕ್ಷಿ ಕೊಯ್ಲು ಭರದಿಂದ ಸಾಗಿತ್ತು. ತೊಟ್ಟಿಯೊಳಗೆ ಜಾರದಂತೆ ಮೇಲಿನ ಹಗ್ಗ ಹಿಡಿದು ಹಣ್ಣು ತುಳಿಯುತ್ತಿದ್ದ ಪಹೋರನ ಕಾಲು ಮಾತ್ರ ಆಡುತ್ತಿತ್ತು, ಮನಸ್ಸು ಎಲ್ಲೋ ಇತ್ತು. ಹೆಂಡತಿ ಹೀರಾಯಿಸ್ ತೀರಿಕೊಂಡ ಮೇಲೆ ಇದು ಮೊದಲ ಕೊಯ್ಲು. ಹೋದ ವರ್ಷ ಅವಳು ಬುಟ್ಟಿ ಸುರಿಯುತ್ತ, "ಯಾಕೆ, ಹಣ್ಣಿಗೆ ನೋವಾಗುತ್ತೇಂತ ಮೆಲ್ಲಗೆ ತುಳೀತೀಯಾ?" ಎಂದು ರೇಗಿಸಿದ್ದಳು.

ಸಾಯುವ ಕೆಲವು ತಿಂಗಳ ಮುಂಚೆಯೇ ಅವಳು ಕ್ರಿಸ್ತನ ದೀಕ್ಷಾಸ್ನಾನ ಪಡೆದಿದ್ದಳು. ಇವನು ಪಡೆದಿರಲಿಲ್ಲ. ತೊಡಕೆಲ್ಲ ಅಲ್ಲೇ.

"ನೀನೂ ಸ್ನಾನ ಮಾಡು ಮಾರಾಯ, ಕೊನೆಯ ದಿನ ಸತ್ತವರೆಲ್ಲ ಮತ್ತೆ ಎದ್ದಾಗ ಅವಳ ಪಕ್ಕದಲ್ಲೇ ಏಳ್ತೀಯ" ಎನ್ನುತ್ತಿದ್ದ ಇಗರ್ಜಿಯ ಸೇವಕ ಪಫ್ನೂತಿ.

"ಆತ್ಮ ಮೇಲಕ್ಕೆ ಹೋಗಿ ಆ ಒಂದೇ ಪರಮತತ್ವದಲ್ಲಿ ಒಂದಾಗುತ್ತೆ ಕಣಯ್ಯ. ಅಲ್ಲಿ ಗಂಡ ಯಾರು, ಹೆಂಡತಿ ಯಾರು?" ಎನ್ನುತ್ತಿದ್ದರು ಹಳೇ ದೇವರುಗಳನ್ನು ಬಿಡದ ಸೆರೆನೋಸ್ ಮೇಷ್ಟ್ರು.

ಪಹೋರನಿಗೆ ಬೇಕಾದದ್ದು ಒಂದೇ ಮಾತು: ಅಲ್ಲಿ ಅವಳು ನನ್ನ ಗುರುತು ಹಿಡಿಯುತ್ತಾಳಾ? ಹೌದೆಂದರೆ ಯಾವ ನೀರಿಗಾದರೂ ಇಳಿಯಲು ಅವನು ತಯಾರು. ಆದರೆ ಈ ಇಬ್ಬರನ್ನೂ ನಂಬುವುದು ಹೇಗೆ? ಇಬ್ಬರೂ ನೆರೆಯವರು, ಮೇಕೆಯೊಂದು ಬೇಲಿ ಹಾರಿದರೂ ಬೇರೆಬೇರೆ ಸಾಕ್ಷಿ ಹೇಳುವವರು.

ಅಂಥ ಹೊತ್ತಿನಲ್ಲಿ ಅತ್ತಿಮರದ ಕೆಳಗೊಬ್ಬ ಪರಸ್ಥಳದವ ಬಂದು ಕುಳಿತ. ಎದೆಯುದ್ದ ಗಡ್ಡ, ಕೈಯಲ್ಲಿ ಕೋಲು, ಮೈಮೇಲೆ ಒರಟು ಕಂಬಳಿ. ಹಳೇ ದೇವರುಗಳ ತತ್ವಜ್ಞಾನಿ ಹೊದೆಯುವುದೂ ಅದನ್ನೇ, ಕ್ರಿಸ್ತನ ಸನ್ಯಾಸಿ ಹೊದೆಯುವುದೂ ಅದನ್ನೇ. ಪಹೋರ ಕೆಂಪುಗಾಲಲ್ಲೇ ತೊಟ್ಟಿಯಿಂದ ಹಾರಿ ಓಡಿದ.

"ಸ್ವಾಮಿ, ಒಂದೇ ಒಂದು ಮಾತು..."

ಸ್ವಾಮಿ ಕಣ್ಣು ಮುಚ್ಚಿ ಸುಮ್ಮನಿದ್ದ.

"ಮೌನವ್ರತ. ನಮ್ಮ ಶಾಲೆಯ ಜ್ಞಾನಿಗಳ ಕ್ರಮ" ಎಂದರು ಬೆನ್ನಿಗೇ ಬಂದ ಮೇಷ್ಟ್ರು.

"ನಮ್ಮ ಮರುಭೂಮಿಯ ಸನ್ಯಾಸಿ ತಂದೆಗಳದ್ದೂ ಇದೇ ಕ್ರಮ" ಎಂದ ಪಫ್ನೂತಿ.

"ಮೊದಲು ಇವರು ಯಾರ ಪೈಕಿ ಅಂತ ತೀರ್ಮಾನ ಆಗ್ಲಿ. ಆಮೇಲೆ ನಿನ್ನ ಪ್ರಶ್ನೆ" ಎಂದು ಇಬ್ಬರೂ ಪಹೋರನನ್ನು ಹಿಂದಕ್ಕೆ ಸರಿಸಿದರು. ಅವರಿಬ್ಬರು ಒಮ್ಮತಕ್ಕೆ ಬಂದದ್ದು ಆ ಊರಿನಲ್ಲಿ ಅದೇ ಮೊದಲು.

ಹುರಿದ ಬಾತುಕೋಳಿ ತಂದಿಟ್ಟರು. ಸ್ವಾಮಿ ಅದನ್ನೇ ನೋಡಿದ, ಮುಟ್ಟಲಿಲ್ಲ.

"ಪ್ರಾಣಿಹಿಂಸೆ ಒಲ್ಲರು. ನಮ್ಮವರೇ" ಎಂದರು ಮೇಷ್ಟ್ರು.

"ಉಪವಾಸ. ನಮ್ಮವರು" ಎಂದ ಪಫ್ನೂತಿ.

ಹಳೆಯ ದ್ರಾಕ್ಷಾರಸ ಬಂತು. ತುಟಿಗೆ ತಾಗಿಸಿ ನಡುಗಿ ಕೆಳಗಿಟ್ಟ. ಇಬ್ಬರೂ ತಲೆದೂಗಿದರು. ಮೇಷ್ಟ್ರು ಸೂರ್ಯನ ಸ್ತೋತ್ರ ಹಾಡಿದರು. ಅವನ ಕಣ್ಣಲ್ಲಿ ನೀರು. ಪಫ್ನೂತಿ ಕೀರ್ತನೆ ಹಾಡಿದ, ಇನ್ನಷ್ಟು ನೀರು.

ಇಳಿಹೊತ್ತಿಗೆ ಇಬ್ಬರೂ ಒಬ್ಬರ ಗಡ್ಡ ಒಬ್ಬರು ಹಿಡಿದಿದ್ದರು. ಪಹೋರ ಅವರ ಸಂದಿಯಲ್ಲಿ ನುಸುಳಿ ಸ್ವಾಮಿಯ ಹತ್ತಿರ ಕುಳಿತ.

"ನನ್ನ ಹೆಂಡತಿ ಸ್ವಾಮಿ. ಬೇಳೆಸಾರಿಗೆ ಉಪ್ಪು ಸರಿ ಇದೆಯಾ ಅಂತ ಕೇಳಿದ್ಲು. ಯಾವುದೋ ಮುನಿಸು, ನಾನು ಮಾತಾಡಲಿಲ್ಲ. ಸಂಜೆಗೆ ಜ್ವರ ಬಂತು. ಆಮೇಲೆ ಅವಳಿಗೆ ಎಚ್ಚರಾನೇ ಆಗಲಿಲ್ಲ. ಅಲ್ಲಿ ಅವಳು ನನ್ನ ಗುರುತು ಹಿಡೀತಾಳಾ?"

ಸ್ವಾಮಿ ಹತ್ತಿರ ಬಾಗಿ, ತನ್ನ ಕೆನ್ನೆಯ ಗಡ್ಡ ಸರಿಸಿ ತೋರಿಸಿದ. ದವಡೆ ಊದಿ ದಾಳಿಂಬೆಯಾಗಿತ್ತು.

ಜ್ಞಾನವಲ್ಲ, ಹಲ್ಲುನೋವು.

ಪಹೋರ ಅವನನ್ನು ಕರೆದೊಯ್ದು, ಹಲ್ಲಿಗೆ ದಾರ ಬಿಗಿದು, ಇನ್ನೊಂದು ತುದಿಯನ್ನು ರಸ ಹಿಂಡುವ ಭಾರದ ತೊಲೆಗೆ ಕಟ್ಟಿ, ಎತ್ತಿದ್ದ ತೊಲೆಯನ್ನು ಕೆಳಕ್ಕೆ ಬಿಟ್ಟ. ಹಲ್ಲು ಹಾರಿ ಹೊಸ ರಸದೊಳಗೆ ಬಿತ್ತು. ಅವನು ರಕ್ತ ಉಗಿದು, ದಿನದ ಮೊದಲ ಮಾತಾಡಿದ:

"ಆ ಬಾತುಕೋಳಿ ಇನ್ನೂ ಇದೆಯಾ?"

"ಇವನು ನಿಮ್ಮವನೇ" ಎಂದರು, ಜಗಳ ಬಿಟ್ಟು ಹಿಂದೆಯೇ ಬಂದಿದ್ದ ಮೇಷ್ಟ್ರು.

"ಛೇ, ಖಂಡಿತ ನಿಮ್ಮವನು" ಎಂದ ಪಫ್ನೂತಿ. ಇಬ್ಬರೂ ಮನೆಯ ದಾರಿ ಹಿಡಿದರು.

ಆ ಪರಸ್ಥಳದವ ಒಬ್ಬ ಕತ್ತೆ ಹೊಡೆಯುವವ. ಕಂಬಳಿ ಹೊದ್ದರೆ ದಾರಿಯಲ್ಲಿ ಬಿಟ್ಟಿ ಊಟ ಸಿಗುತ್ತದೆಂದು ಯಾರೋ ಹೇಳಿಕೊಟ್ಟಿದ್ದರು. ಮೂಳೆ ಚೀಪುತ್ತ ಅವನೆಂದ: "ನಿನ್ನ ಪ್ರಶ್ನೆ ಕೇಳಿಸ್ತು ಕಣಣ್ಣ. ನಾನು ನನ್ನ ಹೆಂಡತಿಯಿಂದ ತಪ್ಪಿಸ್ಕೊಂಡು ಬಂದೋನು. ಅಲ್ಲೂ ಗುರುತು ಹಿಡೀತಾರೆ ಅಂತ ಹೇಳಿ ಹೆದರಿಸಬೇಡ." ಹಲ್ಲು ಕಿತ್ತ ಋಣ ಉಳಿಯಬಾರದೆಂದು ಕಂಬಳಿಯನ್ನು ಪಹೋರನ ಹೆಗಲಿಗೆ ಹಾಕಿ ಹೊರಟುಹೋದ.

ಸರೋವರದ ಗಾಳಿ ತಣ್ಣಗಿತ್ತು. ಪಹೋರ ಕಂಬಳಿ ಹೊದ್ದು ಹೀರಾಯಿಸಳ ಸಮಾಧಿಯ ಬಳಿ ಕುಳಿತ. ಎದ್ದು ಹೋಗಲು ಮನಸ್ಸಾಗಲಿಲ್ಲ. ದೋಣಿಯಿಂದಿಳಿದ ಮುದುಕಿಯೊಬ್ಬಳು ಅವನನ್ನು ಕಂಡವಳೇ ಬಂದು ಕಾಲಬಳಿ ಕುಸಿದಳು.

"ಸ್ವಾಮಿ, ನನ್ನ ಮಗ ನೀರುಪಾಲಾದ. ಅಲ್ಲಿ ನನ್ನ ಗುರುತು ಹಿಡೀತಾನಾ?"

ನಾನು ದ್ರಾಕ್ಷಿ ತುಳಿಯುವವನು ತಾಯಿ ಅನ್ನಬೇಕೆಂದುಕೊಂಡ. ಅವಳ ಮುಖ ನೋಡಿದ. ಕೆಂಪುಗಾಲನ್ನು ಕಂಬಳಿಯೊಳಗೆ ಎಳೆದುಕೊಂಡ.

"ಹಿಡೀತಾನೆ."

"ಅವನು ಹೋದ ಮೇಲೆ ಪೂರ್ತಿ ಸುಕ್ಕಾಗಿದ್ದೀನಿ. ಆದ್ರೂ?"

"ಆದ್ರೂ."

ಮುದುಕಿ ಕಣ್ಣೊರೆಸಿಕೊಂಡು, ಬಂದದ್ದಕ್ಕಿಂತ ಹಗುರವಾಗಿ ನಡೆದುಹೋದಳು. ಅವಳು ಮರೆಯಾಗುವವರೆಗೂ ಪಹೋರ ಆ ನೆಮ್ಮದಿಗೆ ಆಸೆಪಡುತ್ತ ನೋಡುತ್ತಿದ್ದ. ಆಮೇಲೆ ಅದೇ ದನಿಯಲ್ಲಿ, ಅಷ್ಟೇ ನಿಧಾನವಾಗಿ, "ಹಿಡೀತಾಳೆ" ಎಂದು ತನಗೂ ಹೇಳಿಕೊಂಡು ನೋಡಿದ.

ನಂಬಿಕೆ ಬರಲಿಲ್ಲ. ಹೇಳಿದವನು ಯಾರೆಂದು ಗೊತ್ತಿತ್ತಲ್ಲ.