ಪೇಪರಿನಲ್ಲಿ ಬಂದ ನೀರು

ನೀರಿನ ಸುದ್ದಿ ಬರೆದಾಗಲೆಲ್ಲ ಏನಾದರೊಂದು ಪಜೀತಿ ಆಗದೆ ಇದ್ದದ್ದೇ ಇಲ್ಲ. ಎಂಬತ್ತರ ದಶಕದಲ್ಲಿ ನನಗೆ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಕೆಲಸ. ಶಿಫ್ಟ್ ಮುಗಿದ ಮೇಲೆ ಬೆಂಗಳೂರಿನ ಒಂದು ಕನ್ನಡ ಪತ್ರಿಕೆಗೆ ಸುದ್ದಿ ಬರೆದು, ಬಸ್ ಕಂಡಕ್ಟರ್ ಕೈಲಿ ಕಳಿಸುತ್ತಿದ್ದೆ. ಊರಿಗೆ ಕಾರ್ಖಾನೆ ಬಂದವು, ಜನ ಬಂದರು, ಬಾಡಿಗೆ ಮನೆಗಳು ಎದ್ದವು. ನೀರು ಮಾತ್ರ ಬರಲಿಲ್ಲ. ನಮ್ಮ ಬೀದಿಗಿದ್ದ ಒಂದೇ ನಲ್ಲಿ ಬೇಸಿಗೆ ಹುಟ್ಟುತ್ತಲೇ ಒಣಗಿತು. ಹೆಂಗಸರು ಕೆರೆ ಏರಿಯ ಆಚೆಯ ಬಾವಿಯಿಂದ ಸೊಂಟ ಬಿದ್ದುಹೋಗುವಂತೆ ಹೊತ್ತು ತರುತ್ತಿದ್ದರು. ಆ ನಲ್ಲಿಯಲ್ಲಿ ನೀರು ಬರುವ ತನಕ ಪೆನ್ನು ಕೆಳಗಿಡೋದಿಲ್ಲ ಅಂತ ನಾನೂ ಹಟ ಹಿಡಿದೆ.

ಫೋಟೋ

ಬರೀ ಬರೆದರೆ ಯಾರು ನಂಬುತ್ತಾರೆ ಅಂತ, ಕಾಡಿ ಬೇಡಿ ಪತ್ರಿಕೆಯ ಫೋಟೋಗ್ರಾಫರನ್ನು ಕರೆಸಿದೆ. "ಖಾಲಿ ಬಿಂದಿಗೆ ಇಟ್ಟುಕೊಂಡು ನಲ್ಲಿ ಹತ್ತಿರ ನಿಂತ್ಕೊಳ್ಳಿ" ಎಂದು ಬೀದಿಯ ಹೆಂಗಸರಿಗೆ ಹಿಂದಿನ ದಿನವೇ ಹೇಳಿದ್ದೆ. ಅವರು ನಿಂತರು. ಆದರೆ ದಿನದ ಪ್ಲಾಸ್ಟಿಕ್ ಬಿಂದಿಗೆ ಬಿಟ್ಟು, ಅಟ್ಟದ ಮೇಲಿದ್ದ ಹಿತ್ತಾಳೆ ಬಿಂದಿಗೆ ಇಳಿಸಿ, ಬೂದಿ ಹುಣಿಸೆಹಣ್ಣು ಹಾಕಿ ಹೊರಮೈ ಮಾತ್ರ ಫಳಫಳ ಬೆಳಗಿ, ರೇಷ್ಮೆ ಸೀರೆ ಉಟ್ಟು, ಹೂ ಮುಡಿದು! ಮುಂದಿನ ಸಾಲಿನಲ್ಲಿ ಮೂಲೆಮನೆ ಅಜ್ಜಿ, ಬೀದಿಗೆಲ್ಲ ಹಿರಿಯಳು, ಬೊಚ್ಚುಬಾಯಿ ತುಂಬ ನಗುತ್ತಿದ್ದಳು.

"ಇದೇನಜ್ಜಿ, ಕಷ್ಟ ತೋರಿಸಬೇಕಲ್ವಾ?" ಎಂದೆ.

"ಕಷ್ಟ ಐತೆ ಅಂತ ಮಾನ ಬಿಡಕ್ಕಾಯ್ತದೇನ್ಲಾ? ಪೇಪರ್ನೋರ ಮುಂದೆ ಪಿಲಾಸ್ಟಿಕ್ ಬಿಂದಿಗೆ ಹಿಡ್ಕೊಂಡು ನಿಂತ್ಕಳಾಕೆ ನಾವೇನು ಗತಿಗೆಟ್ಟೋರಾ?"

ಭಾನುವಾರದ ಪೇಪರಿನಲ್ಲಿ ಫೋಟೋ ಬಂತು, ದೊಡ್ಡದಾಗಿಯೇ ಬಂತು. ಕೆಳಗೆ ಹೀಗಿತ್ತು: "ಹೊಸೂರಿನಲ್ಲಿ ಮಹಿಳೆಯರ ವೈಭವದ ಪೂರ್ಣಕುಂಭ ಸ್ವಾಗತ." ಅಜ್ಜಿಗೆ ಓದಿ ಹೇಳಿದೆ. "ಪೂರ್ಣ ಅಂದೋನು ಒಂದ್ಸಲ ಒಳೀಕೆ ಬಗ್ಗಿ ನೋಡ್ಬೇಕಾಗಿತ್ತು" ಎಂದಳು. "ಜೇಡ ಸಂಸಾರ ಹೂಡೈತೆ."

ಒಂದೇ ಗ್ಲಾಸು

ಬೆಂಗಳೂರಿಗೇ ಹೋಗಿ ಸಂಪಾದಕರನ್ನು ಕೇಳಿದೆ. "ಹೊಸೂರು ಅಂದರೆ ತಮಿಳುನಾಡು ಕಣ್ರೀ. ಅಲ್ಲಿ ನಲ್ಲಿ ಒಣಗಿದರೆ ನಮ್ಮ ಓದುಗರಿಗೇನು?" ಎಂದರು. ಮೈಯೆಲ್ಲ ಉರಿದುಹೋಯಿತು. ಸೀದಾ ಬಂದು, ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಒಂದು ತಮಿಳು ಪತ್ರಿಕೆಯ ವರದಿಗಾರನನ್ನು ಹಿಡಿದೆ. ನೀನಾದರೂ ಬರೆಯಪ್ಪಾ ಎಂದೆ.

"ಬರ್ದೆ ಸಾರ್. ನಮ್ಮ ಮದ್ರಾಸ್ ಆಫೀಸಿನೋರು, ಹೊಸೂರು ಬೆಂಗಳೂರಿಗೆ ಅಂಟ್ಕೊಂಡಿದೆ, ನೀರು ಅಲ್ಲಿಂದ ಬರಲ್ವಾ ಅಂತಾರೆ."

ಇಬ್ಬರೂ ತಲೆ ಮೇಲೆ ಕೈ ಹೊತ್ತು ಕುಳಿತು ಎರಡು ಟೀ ಹೇಳಿದೆವು. ಅಂಗಡಿಯವನು ಒಂದೇ ಗ್ಲಾಸು ತಂದಿಟ್ಟ. "ಎರಡು ತೊಳ್ಯಾಕೆ ನೀರಿಲ್ಲ. ಒಬ್ರಾದ್ಮೇಲೆ ಒಬ್ರು ಕುಡೀರಿ. ನೀರಿಲ್ದಿದ್ರೆ ಎರಡು ರಾಜ್ಯ ಒಂದಾಗ್ಲೇಬೇಕು."

ಸ್ಪಷ್ಟನೆ

ನಾನು ಬಿಡುವ ಆಸಾಮಿಯೇ? ಮತ್ತೆ ಬರೆದೆ, ಮತ್ತೆ ಕಳಿಸಿದೆ. ಕೊನೆಗೆ ಪತ್ರಿಕೆಯವರು ನಮ್ಮ ಪಟ್ಟಣದ ನೀರಿನ ಅಧಿಕಾರಿಗೆ ಫೋನ್ ಮಾಡಿ ವಿಚಾರಿಸಿದರು. ವಿಚಾರಿಸಿ, ನನ್ನ ಸುದ್ದಿ ಬಿಟ್ಟು ಅವನ ಉತ್ತರ ಹಾಕಿದರು: "ಹೊಸೂರಿನಲ್ಲಿ ನೀರಿನ ಕೊರತೆ ಇಲ್ಲ: ಅಧಿಕಾರಿ ಸ್ಪಷ್ಟನೆ."

ಮಾರನೇ ದಿನ ಹತ್ತಿರದ ಹಳ್ಳಿ ಉದ್ದನಪಲ್ಲಿಯಿಂದ ನನ್ನ ಭಾವಮೈದ ಬಸ್ಸಿಳಿದ. ತಲೆ ಮೇಲೆ ಅಷ್ಟು ದೊಡ್ಡ ಬಟ್ಟೆ ಗಂಟು.

"ಇದೇನೋ?" ಎಂದಳು ನನ್ನ ಹೆಂಡತಿ.

"ನಮ್ಮ ಬಾವೀಲಿ ತಳ ಕಾಣ್ತಾ ಐತೆ ಕಣಕ್ಕಾ. ನಿಮ್ಮಲ್ಲಿ ನೀರು ಬೇಕಾದಂಗೈತೆ ಅಂತ ಪೇಪರ್ನಾಗೆ ಬಂದೈತಲ್ಲ, ಅದ್ಕೇ ಬಟ್ಟೆ ಒಕ್ಕೊಂಡು ಹೋಗನಾ ಅಂತ."

"ತಳದಾಗಾದ್ರೂ ನೀರೈತಲ್ಲ!" ಎಂದ ಅವಳು ಒಳಗೆ ಹೋಗಿ ನಮ್ಮ ಮನೆಯ ಮಾಸಿದ ಬಟ್ಟೆಯನ್ನೆಲ್ಲ ತಂದು, ಅವನ ಗಂಟಿನ ಮೇಲೆ ಇನ್ನೊಂದು ಗಂಟು ಕಟ್ಟಿ, ಅದೇ ಬಸ್ಸಿಗೆ ಹತ್ತಿಸಿದಳು.

ಎಂಜಲು ಕೈ

ಇಷ್ಟಾದ ಮೇಲೂ ನಾನು ಇನ್ನೊಂದು ಬರೆದೆ. ಅದು ಹೇಗೋ ಅಚ್ಚಾಯಿತು. ಆ ಅಧಿಕಾರಿ ಬೆಂಕಿಯಾಗಿ, ಉರಿಬಿಸಿಲಲ್ಲಿ ಜೀಪು ಹತ್ತಿಕೊಂಡು ನನ್ನನ್ನು ದಬಾಯಿಸಲು ನಮ್ಮ ಬೀದಿಗೇ ಬಂದ. ಸರಿಯಾಗಿ ಊಟದ ಹೊತ್ತು. ಆ ಹೊತ್ತಿಗೆ ಬಂದವರನ್ನು ಹಸಿದು ಕಳಿಸುವ ರೂಢಿ ನಮ್ಮಲ್ಲಿಲ್ಲ. ಅಜ್ಜಿ ಅಡ್ಡ ನಿಂತಳು. "ಜಗಳ ಆಮ್ಯಾಕೆ ಆಡೀರಂತೆ ಸಾಮಿ, ಮೊದ್ಲು ಒಂದು ಮುದ್ದೆ ಉಣ್ಣಿ."

ಜಗಲಿಯ ಮೇಲೆ ಎಲೆ ಹಾಕಿದಳು. ಬಿಸಿಮುದ್ದೆ, ಹುರುಳಿಸಾರು. ಮನುಷ್ಯ ಹಸಿದಿದ್ದ, ಮೊಣಕೈ ತನಕ ಸಾರು ಇಳಿಸಿಕೊಂಡು ಹೊಡೆದ. ಕುಡಿಯಲು ಇಟ್ಟಿದ್ದ ಅರ್ಧ ಲೋಟ ನೀರು ಖಾರಕ್ಕೇ ಸಾಲಲಿಲ್ಲ.

"ಅಮ್ಮಾ, ಕೈಗೆ ಕೊಂಚ ತಣ್ಣಿ" ಎಂದು ಕೈ ಮುಂದೆ ಹಿಡಿದ.

"ಅಯ್ಯೋ, ಇಲ್ವಲ್ಲ ಸಾಮಿ" ಎಂದಳು ಅಜ್ಜಿ.

ಪಕ್ಕದ ಮನೆಗೆ ಹೋದ. ಇಲ್ಲ. ಎದುರು ಮನೆ, ಅಲ್ಲೂ ಇಲ್ಲ. ನನ್ನ ಹೆಂಡತಿ ಬಾಗಿಲಲ್ಲೇ ನಿಂತು ಖಾಲಿ ಕೊಡ ಬೋರಲು ಹಾಕಿ ತೋರಿಸಿದಳು. ಕೊನೆಗೆ ಎಡಗೈಯಲ್ಲಿ ನಲ್ಲಿ ತಿರುಗಿಸಿದ. ಅದು ಬುಸ್ ಎಂದು ಸುಮ್ಮನಾಯಿತು. ಎಂಜಲು ಕೈಯಲ್ಲಿ ಫೈಲು ಮುಟ್ಟುವ ಹಾಗಿಲ್ಲ, ಜೀಪು ಹತ್ತುವ ಹಾಗಿಲ್ಲ. ಮುದ್ದೆ ಬೆರಳಿಗೆ ಒಣಗಿ ಅಂಟುತ್ತಾ ಇತ್ತು. ಬೀದಿಯೇ ಬಾಗಿಲಿಗೆ ಬಂದು ನೋಡುತ್ತಿತ್ತು. ನನಗಂತೂ ಎಷ್ಟೋ ದಿನದ ಸಿಟ್ಟು ಇಳಿದು ಹೊಟ್ಟೆ ತಣ್ಣಗಾಯಿತು.

ಆಗ ಅಜ್ಜಿ ಒಳಗಿಂದ ಒಂದು ಹಳೇ ಪೇಪರು ತಂದು ಕೊಟ್ಟಳು. ಅವನ ಸ್ಪಷ್ಟನೆ ಬಂದಿದ್ದ ಪುಟ. "ಇದ್ರಲ್ಲಿ ಬೇಕಾದಷ್ಟು ನೀರೈತಂತೆ. ತೊಳ್ಕಳಿ ಸಾಮಿ."

ಅವನು ಅದರಲ್ಲೇ ಕೈ ಒರೆಸಿಕೊಂಡು ಜೀಪು ಹತ್ತಿದ.

ಮಾರನೇ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತು. ನೂಕುನುಗ್ಗಲಿನ ನಡುವೆ ಅಜ್ಜಿ ಕೂಗಿ ಎಲ್ಲರನ್ನೂ ನಿಲ್ಲಿಸಿದಳು. "ತಡೀರ್ಲಾ! ಮೊದಲ್ನೇ ಚೊಂಬು ಆ ಆಫೀಸರಿಗೆ ಕಳ್ಸಿ. ಪಾಪ, ಇನ್ನೂ ಕೈ ತೊಳ್ಕೊಂಡಿಲ್ಲ!"